ರಾತ್ರಿ ರೈಲಿನಲ್ಲಿ ಚಿಕ್ಕ ಮಕ್ಕಳ ಜೊತೆ ಬೆಂಗಳೂರಿಗೆ ಎರಡು ದಿನ: ಟಿಕೆಟ್ ಬುಕಿಂಗ್‌ನಿಂದ ವಾಪಸ್ ರೈಲಿನವರೆಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಕಾರವಾರ, ವಿಜಯಪುರ ಕಡೆಯಿಂದ ಶುಕ್ರವಾರ ರಾತ್ರಿ ರೈಲು ಹತ್ತಿ, ಎರಡು ದಿನ ಬೆಂಗಳೂರು ಸುತ್ತಿ, ಭಾನುವಾರ ರಾತ್ರಿ ವಾಪಸ್ ಹೊರಡುವ ಪ್ಲಾನ್ ಕೇಳೋಕೆ ಸುಲಭ. ಮಕ್ಕಳು ಚಿಕ್ಕವರಿದ್ದರೆ ಮಾತ್ರ ಇದು ಪದೇ ಪದೇ ಎರಡೇ ಕಡೆ ಕೈಕೊಡುತ್ತದೆ. ಒಂದು, ಬೆಳಗ್ಗೆ ರೈಲಿಳಿದು ರೂಮು ಸಿಗುವವರೆಗಿನ ಹೊತ್ತು. ಇನ್ನೊಂದು, ಕೊನೆಯ ದಿನ ರೂಮು ಖಾಲಿ ಮಾಡಿ ರೈಲು ಹತ್ತುವವರೆಗಿನ ಹೊತ್ತು.

ಶನಿವಾರ ಬೆಳಗ್ಗೆ ಮೆಜೆಸ್ಟಿಕ್ ರೈಲು ನಿಲ್ದಾಣದ ಹೊರಗೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಸೂಟ್‌ಕೇಸ್ ಮೇಲೆ ತಲೆಯಿಟ್ಟು ಮಲಗಿದ ಮಗು, ಬೇಗ ರೂಮು ಕೊಡಿ ಎಂದು ಫೋನಿನಲ್ಲಿ ಕೇಳಿಕೊಳ್ಳುತ್ತಿರುವ ಅಪ್ಪ, ಇನ್ನೊಂದು ಮಗುವನ್ನು ಎತ್ತಿಕೊಂಡು ಟಾಯ್ಲೆಟ್ ಹುಡುಕುತ್ತಿರುವ ಅಮ್ಮ. ಆ ದಿನ ಅವರು ಎಲ್ಲಿಗೆ ಹೋದರೂ ಮಕ್ಕಳು ಅಳುತ್ತಲೇ ಇರುತ್ತಾರೆ. ಅದಕ್ಕೇ ಮೊದಲು ಈ ಎರಡು ಹೊತ್ತಿಗೆ ವ್ಯವಸ್ಥೆ ಮಾಡಿಕೊಳ್ಳಿ, ನೋಡುವ ಜಾಗ ಆಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಹಂತ 1: ದಿನ ಆರಿಸಿ, ರಜೆಯ ವಾರ ನೋಡಿಕೊಳ್ಳಿ

ಮಕ್ಕಳು ಇಷ್ಟಪಡುವ ಜಾಗಗಳಿಗೆ ವಾರದ ರಜೆ ಬೇರೆ ಬೇರೆ ದಿನ. ಜವಾಹರಲಾಲ್ ನೆಹರು ತಾರಾಲಯ ಮತ್ತು ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಸೋಮವಾರ ರಜೆ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಒಂದೆರಡು ಹಬ್ಬ ಬಿಟ್ಟರೆ ವಾರವಿಡೀ ತೆರೆದಿರುತ್ತದೆ. ಟಿಫಿನ್ ಆಸೆಯಿಂದ ಬರುವವರಿಗೂ ಒಂದು ಮಾತು: ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ.

ಜನವರಿ 26 ಮತ್ತು ಆಗಸ್ಟ್ 15ರ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ದೊಡ್ಡವರಿಗೆ ಚೆಂದ. ಮೂರು-ನಾಲ್ಕು ವರ್ಷದ ಮಗುವಿಗೆ ಕಾಣುವುದು ಜನರ ಕಾಲು ಮಾತ್ರ, ಆ ವಾರ ಬಿಡಿ. ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸಂಜೆ ಮಳೆ ಜಾಸ್ತಿ. ಆಗ ಹೊರಗಿನ ಜಾಗಗಳನ್ನೆಲ್ಲ ಬೆಳಗ್ಗೆಗೇ ಇಟ್ಟುಕೊಳ್ಳಿ.

## ಹಂತ 2: ರೈಲಿಗಿಂತ ಮೊದಲು ನಿಲ್ದಾಣ ನೋಡಿ

‘ಬೆಂಗಳೂರು’ ಎಂದು ಕಂಡ ಕೂಡಲೇ ಟಿಕೆಟ್ ಮಾಡಿಬಿಡುವುದು ತುಂಬಾ ಜನ ಮಾಡುವ ತಪ್ಪು. ರಾತ್ರಿ ರೈಲುಗಳು ಮುಖ್ಯವಾಗಿ ಮೂರು ಕಡೆ ಇಳಿಸುತ್ತವೆ.

ಕೆಎಸ್‌ಆರ್ ಬೆಂಗಳೂರು, ಅಂದರೆ ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಮಕ್ಕಳ ಜೊತೆ ಬರುವವರಿಗೆ ಎಲ್ಲಕ್ಕಿಂತ ಅನುಕೂಲ. ಮೆಟ್ರೋ, ಬಸ್ಸು, ಲಾಡ್ಜು ಎಲ್ಲ ಹತ್ತಿರ. ಯಶವಂತಪುರವೂ ಪರವಾಗಿಲ್ಲ. ತುಮಕೂರು ರಸ್ತೆ ಕಡೆ ಹೊರಬಂದರೆ ಗ್ರೀನ್ ಲೈನ್ ಮೆಟ್ರೋ ಸಿಗುತ್ತದೆ. ಮೂರನೆಯದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಟಿಕೆಟ್‌ನಲ್ಲಿ ಎಸ್‌ಎಂವಿಟಿ ಎಂದಿರುತ್ತದೆ. ನಿಲ್ದಾಣ ಹೊಸದು, ಚೊಕ್ಕಟ. ಆದರೆ ಅಲ್ಲಿಂದ ಮೆಟ್ರೋ ಹತ್ತಲು ಒಂದೆರಡು ಕಿಲೋಮೀಟರ್ ಹೋಗಬೇಕು. ಬ್ಯಾಗು, ನಿದ್ದೆಗಣ್ಣಿನ ಮಗು ಎರಡನ್ನೂ ಎತ್ತಿಕೊಂಡು ಅದು ನಡೆಯುವ ದೂರವಲ್ಲ. ಆಟೋ ಅಥವಾ ಕ್ಯಾಬ್ ಮಾಡಲೇಬೇಕು.

ಇನ್ನೊಂದು ವಿಷಯವನ್ನು ಕಡ್ಡಾಯ ನೋಡಿ: ರೈಲು ಬೆಂಗಳೂರಿಗೇ ಕೊನೆಯಾಗುತ್ತದೋ, ಮುಂದೆ ಹೋಗುತ್ತದೋ? ರಾಣಿ ಚೆನ್ನಮ್ಮ, ಪಂಚಗಂಗಾ ರೈಲುಗಳು ಬೆಂಗಳೂರಿನಲ್ಲೇ ನಿಲ್ಲುತ್ತವೆ. ನಿಧಾನಕ್ಕೆ ಮಗುವನ್ನು ಎಬ್ಬಿಸಿ ಇಳಿಯಬಹುದು. ಹಂಪಿ, ಗೋಲಗುಂಬಜ್ ರೈಲುಗಳು ಮೈಸೂರಿಗೆ ಹೋಗುತ್ತವೆ. ಇವುಗಳಲ್ಲಿ ನಿದ್ದೆ ಮಾಡಿಬಿಟ್ಟರೆ ಕಣ್ಣು ಬಿಡುವುದು ಮಂಡ್ಯದಲ್ಲಿ. ಇಂಥ ರೈಲಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ನಿಲ್ದಾಣ ಬರುವ ಮೊದಲು ಎಬ್ಬಿಸುವ ಅಲರ್ಟ್ ಹಾಕಿಸಿಕೊಳ್ಳಿ, ಫೋನ್ ಅಲಾರಂ ಕೂಡ ಇರಲಿ.

## ಹಂತ 3: ಟಿಕೆಟ್ ಮತ್ತು ಬರ್ತ್

ಮುಂಗಡ ಬುಕಿಂಗ್ ಈಗ 60 ದಿನ ಮೊದಲು, ಬೆಳಗ್ಗೆ 8ಕ್ಕೆ ಶುರು. ಶುಕ್ರವಾರ ಹೋಗಿ ಭಾನುವಾರ ವಾಪಸ್ ಬರುವವರಿಗೆ ಬುಕಿಂಗ್ ಎರಡು ಬೇರೆ ಬೇರೆ ದಿನ ತೆರೆಯುತ್ತದೆ. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಎರಡು ದಿನ ಬಿಟ್ಟು ಮತ್ತೆ ಕೂರುವುದನ್ನು ಮರೆಯುತ್ತಾರೆ. ಭಾನುವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಟಿಕೆಟ್ ಬಲು ಬೇಗ ಖಾಲಿಯಾಗುತ್ತದೆ. ಎರಡೂ ತಾರೀಕಿಗೆ ಫೋನಿನಲ್ಲಿ ಅಲಾರಂ ಇಡಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವ ಕೆಲಸ ಮೊದಲೇ ಮುಗಿಸಿ. ಜೋಡಿಸದಿದ್ದರೆ ತತ್ಕಾಲ್ ಆನ್‌ಲೈನ್‌ನಲ್ಲಿ ಸಿಗುವುದಿಲ್ಲ.

ತಾರೀಕಿನ ಗೊಂದಲ. ಬೀರೂರು, ಅರಸೀಕೆರೆಯಂಥ ಕಡೆ ಹಲವು ರೈಲುಗಳು ಮಧ್ಯರಾತ್ರಿ ದಾಟಿದ ಮೇಲೆ ಬರುತ್ತವೆ. ಶುಕ್ರವಾರ ರಾತ್ರಿ ಊಟ ಮಾಡಿ ಹೊರಟು 12.40ಕ್ಕೆ ಹತ್ತುವ ರೈಲಿಗೆ ನಿಮ್ಮ ಪ್ರಯಾಣದ ತಾರೀಕು ಶನಿವಾರದ್ದು. ಶುಕ್ರವಾರದ ತಾರೀಕು ಹಾಕಿದರೆ ಆ ರೈಲು ಗುರುವಾರ ರಾತ್ರಿಯೇ ಹೋಗಿರುತ್ತದೆ.

ಮಕ್ಕಳ ಟಿಕೆಟ್. 5 ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ. 5 ತುಂಬಿ 12 ಆಗದ ಮಗುವಿಗೆ ಬರ್ತ್ ಬೇಕಾದರೆ ದೊಡ್ಡವರಷ್ಟೇ ದರ, ಬರ್ತ್ ಬೇಡವೆಂದರೆ ಅರ್ಧ. ಅರ್ಧ ದುಡ್ಡು ಉಳಿಯುತ್ತದೆ ಎಂದು ಆರು-ಏಳು ವರ್ಷದ ಮಗುವಿಗೆ ಬರ್ತ್ ಬಿಡಬೇಡಿ. ಆ ರಾತ್ರಿ ಜೊತೆಗೆ ಮಲಗುವ ದೊಡ್ಡವರಿಗೆ ನಿದ್ದೆ ಇಲ್ಲ, ಮರುದಿನ ಮಗುವನ್ನು ಎತ್ತಿಕೊಂಡು ಓಡಾಡಬೇಕಾದವರೂ ಅವರೇ. ಇಬ್ಬರು ಚಿಕ್ಕ ಮಕ್ಕಳಿದ್ದರೆ ಇಬ್ಬರಿಗೂ ಸೇರಿ ಒಂದು ಬರ್ತ್ ಸಾಕು. ಎದುರು ಬದುರು ತಲೆ ಮಾಡಿ ಮಲಗಿಸಬಹುದು. ವಯಸ್ಸಿಗೆ ಪುರಾವೆಯಾಗಿ ಮಗುವಿನ ಆಧಾರ್ ಅಥವಾ ಜನನ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ.

ಯಾವ ಬರ್ತ್? ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ಎಂಟೆಂಟು ಬರ್ತ್‌ಗಳ ಗುಂಪು. ಬರ್ತ್ ನಂಬರನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಲೋವರ್, 2 ಅಥವಾ 5 ಮಿಡಲ್, 3 ಅಥವಾ 6 ಅಪ್ಪರ್, 7 ಸೈಡ್ ಲೋವರ್, 0 ಸೈಡ್ ಅಪ್ಪರ್. ಚಿಕ್ಕ ಮಗುವಿದ್ದರೆ ಒಂದಾದರೂ ಲೋವರ್ ಬೇಕೇ ಬೇಕು. ಬುಕ್ ಮಾಡುವಾಗ ‘ಕನಿಷ್ಠ ಒಂದು ಲೋವರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡಿ’ ಎಂಬ ಆಯ್ಕೆ ಇದೆ, ಅದನ್ನು ಒತ್ತಿ. ಆಟೋ ಅಪ್‌ಗ್ರೇಡ್ ಆಯ್ಕೆಯ ಟಿಕ್ ತೆಗೆದುಬಿಡಿ. ಮೇಲಿನ ಕ್ಲಾಸ್ ಸಿಕ್ಕರೂ ಅಲ್ಲಿ ಯಾವ ಬರ್ತ್ ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಸೈಡ್ ಲೋವರ್ ನೋಡೋಕೆ ಖಾಸಗಿ ಜಾಗದ ಹಾಗಿದೆ, ಮಗುವಿಗೆ ಮಾತ್ರ ಒಳ್ಳೆಯದಲ್ಲ. ರಾತ್ರಿಯಿಡೀ ಓಡಾಡುವವರ ಬ್ಯಾಗು ತಾಗುತ್ತದೆ. ಬೋಗಿಯ ಎರಡು ತುದಿಯ ಬರ್ತ್‌ಗಳೂ ಬೇಡ. ಬಾಗಿಲ ಬಡಿತ, ಟಾಯ್ಲೆಟ್ ವಾಸನೆ, ಲೈಟು.

ಎಚ್ಚರಿಕೆ: ಟಿಕೆಟ್ ಆರ್‌ಎಸಿಯಲ್ಲೇ (ಕೂರಲು ಜಾಗ ಖಚಿತ, ಪೂರ್ತಿ ಬರ್ತ್ ಇನ್ನೂ ಇಲ್ಲ) ನಿಂತಿದ್ದರೆ ಸೈಡ್ ಲೋವರ್‌ನಲ್ಲಿ ಇಬ್ಬರು ಕೂತು ರಾತ್ರಿ ಕಳೆಯಬೇಕು. ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್ ಆದ ಮೇಲೂ ಕನ್ಫರ್ಮ್ ಆಗದಿದ್ದರೆ ತಾನೇ ರದ್ದಾಗುತ್ತದೆ. ಹೊರಡುವ ಒಂದು ವಾರ ಮೊದಲು ಪರಿಸ್ಥಿತಿ ಹೀಗೇ ಇದ್ದರೆ ತಾರೀಕು ಬದಲಿಸಿ. ಪುಟ್ಟ ಮಕ್ಕಳ ಜೊತೆ ‘ಹೇಗೋ ಆಗುತ್ತೆ’ ಅನ್ನೋದು ಬೇಡ.

ಸ್ಲೀಪರಾ, ಥರ್ಡ್ ಎಸಿನಾ? ಮಗು ಮೂರು ವರ್ಷದೊಳಗಿದ್ದರೆ ಎಸಿ ತೆಗೆದುಕೊಳ್ಳಿ. ಹಾಸಿಗೆ-ಹೊದಿಕೆ ಕೊಡುತ್ತಾರೆ, ಧೂಳಿಲ್ಲ, ಸದ್ದು ಕಡಿಮೆ. ಮಂಗಳೂರು ಕಡೆಯಿಂದ ಬರುವವರಿಗೆ ಇದು ಇನ್ನೂ ಮುಖ್ಯ. ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯಲ್ಲಿ 57 ಸುರಂಗಗಳಿವೆ. ತೆರೆದ ಕಿಟಕಿಯ ಬೋಗಿಯಲ್ಲಿ ಪ್ರತಿ ಸುರಂಗದಲ್ಲೂ ಸದ್ದು ಒಮ್ಮೆಲೇ ಏರುತ್ತದೆ, ಮಲಗಿದ ಮಗು ಬೆಚ್ಚಿ ಏಳುತ್ತದೆ. ಸ್ಲೀಪರ್‌ನಲ್ಲೇ ಬರುವುದಾದರೆ ಘಾಟಿಗೆ ಮೊದಲೇ ಕಿಟಕಿ ಇಳಿಸಿ.

## ಹಂತ 4: ರೂಮು

ರೂಮು ಹುಡುಕುವಾಗ ಎಲ್ಲರೂ ಬಾಡಿಗೆ ನೋಡುತ್ತಾರೆ, ಚೆಕ್-ಇನ್ ಹೊತ್ತು ನೋಡುವುದಿಲ್ಲ. ಸಾಮಾನ್ಯವಾಗಿ ಅದು ಮಧ್ಯಾಹ್ನ 12 ಅಥವಾ ಅದಕ್ಕೂ ಮೇಲೆ. ರೈಲು ಬರುವುದು ಬೆಳಗ್ಗೆ ಆರು-ಏಳಕ್ಕೆ. ನಡುವಿನ ಐದಾರು ಗಂಟೆಗೆ ಮೂರು ದಾರಿಗಳಿವೆ.

ಮೊದಲನೆಯದು, 24 ಗಂಟೆ ಲೆಕ್ಕದ ಲಾಡ್ಜ್. ಮೆಜೆಸ್ಟಿಕ್, ಗಾಂಧಿನಗರದಲ್ಲಿ ಇಂಥವು ಬೇಕಾದಷ್ಟಿವೆ. ಶನಿವಾರ ಬೆಳಗ್ಗೆ 7ಕ್ಕೆ ಹೊಕ್ಕರೆ ಭಾನುವಾರ ಬೆಳಗ್ಗೆ 7ರವರೆಗೆ ನಿಮ್ಮದು. ಭಾನುವಾರ ಪೂರ್ತಿ ಬೇಕಾದರೆ ಎರಡು ದಿನದ ಬಾಡಿಗೆ ಕೊಡಬೇಕು. ಕೊಟ್ಟರೂ ಅದು ಸಾರ್ಥಕ ಎಂದೇ ನನ್ನ ಅಭಿಪ್ರಾಯ. ಮಧ್ಯಾಹ್ನದ ನಿದ್ದೆ, ಸಂಜೆಯ ಸ್ನಾನ, ಬ್ಯಾಗಿನ ಚಿಂತೆ ಮೂರೂ ಒಟ್ಟಿಗೆ ಬಗೆಹರಿಯುತ್ತವೆ.

ಎರಡನೆಯದು, ಬೇಗ ಚೆಕ್-ಇನ್ ಕೊಡುವ ಹೋಟೆಲ್. ಆ್ಯಪ್‌ನಲ್ಲಿ ‘ವಿನಂತಿ’ ಎಂದು ಟೈಪ್ ಮಾಡಿದ್ದನ್ನು ನಂಬಬೇಡಿ. ಹೋಟೆಲ್‌ಗೇ ಫೋನ್ ಮಾಡಿ, ಎಷ್ಟು ಗಂಟೆಗೆ ಕೊಡುತ್ತಾರೆ, ಹೆಚ್ಚು ದುಡ್ಡೆಷ್ಟು ಎಂದು ಕೇಳಿ, ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.

ಮೂರನೆಯದು, ನಿಲ್ದಾಣದ ರಿಟೈರಿಂಗ್ ರೂಮ್. ಕನ್ಫರ್ಮ್ ಟಿಕೆಟ್‌ನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು. ರೂಮುಗಳು ಕಡಿಮೆ, ಬೇಗ ಮುಗಿಯುತ್ತವೆ. ಟಿಕೆಟ್ ಸಿಕ್ಕ ದಿನವೇ ನೋಡಿ.

ಜಾಗ ಎಲ್ಲಿ ಎಂದರೆ, ಮೆಟ್ರೋ ನಿಲ್ದಾಣಕ್ಕೆ ಮಗು ನಡೆದು ಹೋಗುವಷ್ಟು ಹತ್ತಿರ. ನಾಲ್ಕು ನೂರು ರೂಪಾಯಿ ಉಳಿಸಲು ದೂರದ ಬಡಾವಣೆಯಲ್ಲಿ ರೂಮು ಮಾಡಿದವರು ಆ ದುಡ್ಡನ್ನು ಕ್ಯಾಬಿಗೆ ಕೊಡುತ್ತಾರೆ, ಸಮಯವನ್ನು ಟ್ರಾಫಿಕ್‌ಗೆ ಕೊಡುತ್ತಾರೆ.

## ಹಂತ 5: ಬ್ಯಾಗು

ದೊಡ್ಡವರೊಬ್ಬರಿಗೆ ಒಂದೇ ಬ್ಯಾಗು, ಅದೂ ಬೆನ್ನಿಗೆ ಹಾಕುವಂಥದ್ದು. ಒಂದು ಕೈ ಯಾವಾಗಲೂ ಮಗುವಿಗೆ ಖಾಲಿ ಇರಬೇಕು. ಸ್ಟ್ರಾಲರ್ ತರಬೇಡಿ. ನಮ್ಮ ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ಅದನ್ನು ತಳ್ಳುವುದಕ್ಕಿಂತ ಎತ್ತುವುದೇ ಹೆಚ್ಚು. ಎದೆಗೆ ಕಟ್ಟುವ ಕ್ಯಾರಿಯರ್ ಅಥವಾ ಹಳೆಯ ಕಾಟನ್ ಸೀರೆ ಸಾಕು.

ರಾತ್ರಿಗೆ ಬೇಕಾದದ್ದನ್ನು ಒಂದು ಚಿಕ್ಕ ಚೀಲದಲ್ಲಿ ಬೇರೆಯೇ ಇಟ್ಟುಕೊಳ್ಳಿ:

- ಒಂದು ಜೊತೆ ಬಟ್ಟೆ, ಡೈಪರ್, ಒದ್ದೆ ಬಟ್ಟೆ ಹಾಕಲು ಪ್ಲಾಸ್ಟಿಕ್ ಕವರ್
- ಸಾಕ್ಸ್, ಟೋಪಿ, ತೆಳ್ಳನೆ ರಗ್ಗು
- ಫ್ಲಾಸ್ಕ್‌ನಲ್ಲಿ ಬಿಸಿನೀರು
- ಜ್ವರದ ಔಷಧಿ, ಓಆರ್‌ಎಸ್, ಮಗುವಿಗೆ ದಿನಾ ಕೊಡುವ ಔಷಧಿ
- ಸಣ್ಣ ಟಾರ್ಚ್, ಪವರ್ ಬ್ಯಾಂಕ್, ಬ್ಯಾಗ್ ಕಟ್ಟಲು ಚೈನ್ ಮತ್ತು ಬೀಗ

ಎಲೆಕ್ಟ್ರಿಕ್ ಕೆಟಲ್ ರೈಲಿನಲ್ಲಿ ಹಾಕುವಂತಿಲ್ಲ, ಅದಕ್ಕೇ ಫ್ಲಾಸ್ಕ್. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಆಫ್ ಮಾಡುವುದುಂಟು, ಅದಕ್ಕೇ ಪವರ್ ಬ್ಯಾಂಕ್.

ಊಟ ಮನೆಯಿಂದ. ಮೊಸರನ್ನ ಒಯ್ಯುವುದಾದರೆ ಮೆತ್ತಗೆ ಮಾಡಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹಾಕಿ, ಮೇಲೆ ಒಂದೇ ಚಮಚ ಮೊಸರು ಕಲಸಿ. ತಿನ್ನುವ ಹೊತ್ತಿಗೆ ಹದವಾಗಿರುತ್ತದೆ, ಹುಳಿಯಾಗುವುದಿಲ್ಲ. ಚಪಾತಿ, ಇಡ್ಲಿ, ಬಾಳೆಹಣ್ಣು ಆಗುತ್ತದೆ. ಚಿಪ್ಸ್, ಕ್ರೀಮ್ ಬಿಸ್ಕತ್ತು ಕೊಟ್ಟರೆ ರಾತ್ರಿಯಿಡೀ ನೀರು, ಆಮೇಲೆ ಟಾಯ್ಲೆಟ್.

## ಹಂತ 6: ರೈಲಿನಲ್ಲಿ ರಾತ್ರಿ

ಹತ್ತುವ ಮೊದಲೇ ಊಟ ಮುಗಿದಿರಲಿ, ರಾತ್ರಿಯ ಬಟ್ಟೆ ಹಾಕಿರಲಿ. ಹತ್ತಿದ ಮೇಲೆ ಮಾಡುವ ಕೆಲಸ ಮೂರೇ: ಬ್ಯಾಗುಗಳನ್ನು ಸೀಟಿನ ಕೆಳಗೆ ಚೈನ್ ಹಾಕಿ ಕಟ್ಟುವುದು, ಟಾಯ್ಲೆಟ್, ಹಾಸಿಗೆ. ಮಕ್ಕಳನ್ನು ಟಾಯ್ಲೆಟ್‌ಗೆ ರೈಲು ಹೊರಟ ಕೂಡಲೇ ಕರೆದುಕೊಂಡು ಹೋಗಿ. ಹೊತ್ತು ಹೋದಷ್ಟೂ ಅದು ಕೊಳಕಾಗುತ್ತದೆ.

ಮಗು ಲೋವರ್ ಬರ್ತ್‌ನಲ್ಲಿ ಗೋಡೆ ಕಡೆ, ದೊಡ್ಡವರು ಹೊರಗಿನ ಕಡೆ. ಮಗು ಒಂದೇ ಮಲಗುವುದಾದರೆ ರಗ್ಗನ್ನು ಸುರುಳಿ ಸುತ್ತಿ, ಬೆಡ್‌ಶೀಟಿನ ಅಡಿ ಹೊರ ಅಂಚಿಗೆ ಇಡಿ, ಉರುಳಿದರೂ ತಡೆಯುತ್ತದೆ. ಚಿಕ್ಕ ಮಕ್ಕಳು ಎಷ್ಟೇ ಹಟ ಮಾಡಿದರೂ ಅಪ್ಪರ್ ಬರ್ತ್‌ನಲ್ಲಿ ಮಲಗಿಸಬೇಡಿ. ಬ್ರೇಕ್ ಹಾಕಿದಾಗ ಅಲ್ಲಿಂದ ಬಿದ್ದರೆ ಪೆಟ್ಟು ಸಣ್ಣದಾಗಿರುವುದಿಲ್ಲ.

ಮಿಡಲ್ ಬರ್ತ್ ತೆರೆಯುವ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6. ಅದಕ್ಕೂ ಮೊದಲು ಮಗುವಿಗೆ ನಿದ್ದೆ ಬಂದರೆ ಎದುರಿನವರನ್ನು ವಿನಯದಿಂದ ಕೇಳಿ. ಮಗು ನೋಡಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಅಪರಿಚಿತರು ಕೊಟ್ಟ ತಿಂಡಿ ಮಾತ್ರ ಬೇಡ. ಬೋಗಿಯಲ್ಲಿ ತೊಂದರೆಯಾದರೆ, ಮಗುವಿಗೆ ಹುಷಾರಿಲ್ಲದಂತಾದರೆ 139ಕ್ಕೆ ಕರೆ ಮಾಡಿ.

## ಹಂತ 7: ಇಳಿದ ಮೇಲಿನ ನಾಲ್ಕು ಗಂಟೆ

ಇಳಿಯುವ ಅರ್ಧ ಗಂಟೆ ಮೊದಲು ಮಕ್ಕಳನ್ನು ಎಬ್ಬಿಸಿ, ಮುಖ ತೊಳೆಸಿ, ಸ್ವೆಟರ್ ಹಾಕಿ. ಡಿಸೆಂಬರ್–ಜನವರಿಯ ಬೆಂಗಳೂರಿನ ಬೆಳಗು ಕರಾವಳಿಯ ಮಕ್ಕಳಿಗೆ ನಿಜಕ್ಕೂ ಚಳಿ.

ಕೆಎಸ್‌ಆರ್‌ನಲ್ಲಿ ಒಂದನೇ ಪ್ಲಾಟ್‌ಫಾರ್ಮ್ ಕಡೆ ಹೊರಬಂದರೆ ಎದುರಿಗೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಪರ್ಪಲ್ ಮತ್ತು ಗ್ರೀನ್ ಲೈನ್ ಸೇರುವ ಮೆಟ್ರೋ ನಿಲ್ದಾಣ. ಹತ್ತನೇ ಪ್ಲಾಟ್‌ಫಾರ್ಮ್ ಕಡೆ ಹೋದರೆ ರೈಲು ನಿಲ್ದಾಣದ್ದೇ ಹೆಸರಿನ ಪರ್ಪಲ್ ಲೈನ್ ನಿಲ್ದಾಣ. ಭಾನುವಾರ ಮೆಟ್ರೋ ಶುರುವಾಗುವುದು ಬೆಳಗ್ಗೆ 7ಕ್ಕೆ. ಭಾನುವಾರ ಐದೂವರೆಗೆ ಇಳಿದು ಮೆಟ್ರೋ ಬಾಗಿಲ ಮುಂದೆ ಮಗುವನ್ನು ಹೊತ್ತು ಕಾಯುವವರನ್ನು ಈಗಲೂ ನೋಡುತ್ತೇನೆ. ಆ ದಿನ ಆಟೋ ಮಾಡಿಬಿಡಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಮೀಟರ್‌ನ ಒಂದೂವರೆ ಪಟ್ಟು ದರ, 5 ದಾಟಿದರೆ ಮಾಮೂಲಿ ದರ. ಮೈಮೇಲೆ ಬಿದ್ದು ಕರೆಯುವವರನ್ನು ಬಿಟ್ಟು ಪ್ರೀಪೇಯ್ಡ್ ಕೌಂಟರ್‌ಗೆ ಹೋಗಿ, ಇಲ್ಲವೇ ಆ್ಯಪ್‌ನಲ್ಲಿ ಮಾಡಿ. ‘ನೀವು ಹೇಳಿದ ಹೋಟೆಲ್ ಮುಚ್ಚಿದೆ, ನಾನು ಬೇರೆ ತೋರಿಸ್ತೀನಿ’ ಎಂದರೆ ಅಲ್ಲೇ ನಿಲ್ಲಿ, ಹೋಟೆಲ್‌ಗೆ ನೀವೇ ಫೋನ್ ಮಾಡಿ.

ಮೆಟ್ರೋದಲ್ಲಿ ಮೂರು ಅಡಿಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟ್ ಇಲ್ಲ. ಬ್ಯಾಗು ಸ್ಕ್ಯಾನರ್‌ಗೆ ಹಾಕುವಾಗ ಒಬ್ಬರು ಮೊದಲು ಆಚೆ ಹೋಗಿ ನಿಲ್ಲಿ, ಮಕ್ಕಳು ಆಮೇಲೆ, ಇನ್ನೊಬ್ಬರು ಕೊನೆಗೆ. ಎಲ್ಲರೂ ಬ್ಯಾಗು ನೋಡುತ್ತಾ ನಿಂತಾಗಲೇ ಮಗು ಕೈತಪ್ಪುವುದು.

ರೂಮಿನಲ್ಲಿ ಸ್ನಾನ, ಆಮೇಲೆ ತಿಂಡಿ. ದರ್ಶಿನಿಗಳಲ್ಲಿ ಇಡ್ಲಿ ಬಿಸಿಬಿಸಿ ಸಿಗುತ್ತದೆ, ಆದರೆ ನಿಂತು ತಿನ್ನಬೇಕು. ಎರಡು ವರ್ಷದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಿಸಿ ಸಾಂಬಾರ್ ಹಿಡಿಯುವುದು ಬೇಡ. ಕೂತು ತಿನ್ನುವ ಹೋಟೆಲ್ ಹುಡುಕಿ. ಹೆಸರುವಾಸಿ ಹೋಟೆಲ್‌ಗಳಿಗೆ ಶನಿವಾರ, ಭಾನುವಾರ ಎಂಟರ ಮೇಲೆ ಹೋದರೆ ಉದ್ದ ಸಾಲು, ಮಕ್ಕಳ ಹಸಿವು ಅಷ್ಟು ಕಾಯುವುದಿಲ್ಲ.

## ಹಂತ 8: ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಚಿಕ್ಕ ಜಾಗ

ಇದಕ್ಕಿಂತ ಹೆಚ್ಚು ಹಾಕಬೇಡಿ. ಮಧ್ಯಾಹ್ನ ಒಂದರಿಂದ ನಾಲ್ಕು ರೂಮಿನಲ್ಲಿ ನಿದ್ದೆ, ಇದನ್ನು ಬಿಡುವ ಹಾಗಿಲ್ಲ.

ಮೊದಲ ದಿನ ಕಬ್ಬನ್ ಪಾರ್ಕ್ ಸುತ್ತಮುತ್ತ ಇರಲಿ. ಪರ್ಪಲ್ ಲೈನ್‌ನಲ್ಲಿ ಅದೇ ಹೆಸರಿನ ನಿಲ್ದಾಣ. ಮಕ್ಕಳನ್ನು ಹುಲ್ಲಿನ ಮೇಲೆ ಓಡಲು ಬಿಡಿ, ರಾತ್ರಿಯೆಲ್ಲ ಬರ್ತ್‌ನಲ್ಲಿ ಇದ್ದವರಿಗೆ ಅದು ಬೇಕು. ಬಾಲಭವನದ ಪುಟಾಣಿ ರೈಲು ಓಡುತ್ತಿದೆಯೇ ಎಂದು ಗೇಟಿನಲ್ಲೇ ಕೇಳಿ, ಆಮೇಲೆ ಮಕ್ಕಳಿಗೆ ಹೇಳಿ. ವಿಶ್ವೇಶ್ವರಯ್ಯ ಮ್ಯೂಸಿಯಂ 9.30ಕ್ಕೆ ತೆರೆಯುತ್ತದೆ, ಆಗಲೇ ಒಳಗಿರಿ. ಎಲ್ಲ ಮಹಡಿ ನೋಡುವ ಹಟ ಬೇಡ. ಗುಂಡಿ ಒತ್ತಿದರೆ ತಿರುಗುವ ಯಂತ್ರಗಳು, ರೈಟ್ ಸಹೋದರರ ವಿಮಾನದ ಮಾದರಿ, ಕೂಗುವ ಡೈನೋಸಾರ್ ಸಾಕು. ಡೈನೋಸಾರ್‌ಗೆ ಕೆಲವು ಮಕ್ಕಳು ಹೆದರುತ್ತಾರೆ, ಮೊದಲು ದೂರದಿಂದ ತೋರಿಸಿ. ಹನ್ನೆರಡಕ್ಕೆ ಹೊರಬನ್ನಿ.

ಪಕ್ಕದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ಇದೆಯೇ ಎಂದು ಹಿಂದಿನ ದಿನವೇ ನೋಡಿ. ಇದ್ದರೆ ಆ ಪ್ರದೇಶಕ್ಕೇ ಹೋಗಬೇಡಿ.

ಸಂಜೆಗೆ ತಾರಾಲಯದ ಕನ್ನಡ ಪ್ರದರ್ಶನ. ನಾಲ್ಕು ವರ್ಷದೊಳಗಿನವರು ಕತ್ತಲಿಗೆ ಅಳುವುದುಂಟು. ಅಂಥ ಮಗುವಿದ್ದರೆ ಒಬ್ಬರು ಹೊರಗೆ ಉಳಿಯಿರಿ.

ಎರಡನೇ ದಿನ ಲಾಲ್‌ಬಾಗ್, ಬೆಳಗ್ಗೆ ಬೇಗ. ಆರಕ್ಕೇ ತೆರೆಯುತ್ತದೆ. 240 ಎಕರೆ ಜಾಗ, ಚಿಕ್ಕ ಕಾಲುಗಳು ಪೂರ್ತಿ ಸುತ್ತಲಾರವು. ಗ್ರೀನ್ ಲೈನ್‌ನ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು, ಕೆರೆ ಮತ್ತು ಗಾಜಿನ ಮನೆ ನೋಡಿ, ಬಂದ ಗೇಟಿನಿಂದಲೇ ವಾಪಸ್ ಬನ್ನಿ.

ಬನ್ನೇರುಘಟ್ಟ ಕೇಳುವವರು ಬಹಳ. ಮೆಜೆಸ್ಟಿಕ್‌ನಿಂದ ಸುಮಾರು 22 ಕಿಲೋಮೀಟರ್, ಹೋಗಿ ಬರುವುದೇ ಅರ್ಧ ದಿನ. ಮಗುವಿಗೆ ಪ್ರಾಣಿಗಳ ಹುಚ್ಚಿದ್ದರೆ ಮೊದಲ ದಿನದ ಬೇರೆಲ್ಲ ಬಿಟ್ಟು ಅದೊಂದನ್ನೇ ಮಾಡಿ, ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ವಾಪಸ್ ರೈಲಿರುವ ದಿನ ಖಂಡಿತ ಬೇಡ, ಭಾನುವಾರ ಸಂಜೆ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ನಿಮ್ಮ ರೈಲನ್ನು ತಪ್ಪಿಸುತ್ತದೆ.

ಎಚ್ಚರಿಕೆಯ ಸೂಚನೆಗಳು. ಮಗು ಮೂತ್ರ ಮಾಡಿ ಐದಾರು ಗಂಟೆಯಾಗಿದೆ, ತುಟಿ ಒಣಗಿದೆ, ಸುಮ್ನೆ ಜೋತುಬಿದ್ದಿದೆ ಎಂದರೆ ಸುತ್ತಾಟ ಅಲ್ಲಿಗೇ ನಿಲ್ಲಿಸಿ, ಓಆರ್‌ಎಸ್ ಕೊಡಿ, ಡಾಕ್ಟರಿಗೆ ತೋರಿಸಿ. ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮಕ್ಕಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಪ್ರತಿ ದಿನ ಹೊರಡುವಾಗ ಮಕ್ಕಳ ಅಂದಿನ ಬಟ್ಟೆಯಲ್ಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂಗೈ ಮೇಲೆ ನಿಮ್ಮ ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. ಮಗು ಕಾಣದಿದ್ದರೆ ಒಬ್ಬರು ಅದೇ ಜಾಗದಲ್ಲಿ ನಿಲ್ಲಿ, ಇನ್ನೊಬ್ಬರು ಸಿಬ್ಬಂದಿಗೆ ಹೇಳಿ 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

## ಹಂತ 9: ಕೊನೆಯ ಸಂಜೆ

ಬೆಳಗ್ಗೆಯೇ ಟಿಕೆಟ್ ತೆಗೆದು ನಿಲ್ದಾಣದ ಹೆಸರು ಮತ್ತೊಮ್ಮೆ ಓದಿ. ಬಂದದ್ದು ಕೆಎಸ್‌ಆರ್‌ಗೆ, ಹೊರಡುವುದು ಯಶವಂತಪುರದಿಂದ, ಹೀಗೂ ಇರುತ್ತದೆ.

ರೂಮನ್ನು ಸಂಜೆಯವರೆಗೆ ಇಟ್ಟುಕೊಂಡಿದ್ದರೆ ತೊಂದರೆಯೇ ಇಲ್ಲ. ಇಲ್ಲದಿದ್ದರೆ ಬ್ಯಾಗುಗಳನ್ನು ಹೋಟೆಲ್‌ನ ರಿಸೆಪ್ಷನ್‌ನಲ್ಲೇ ಇಡಲು ಕೇಳಿ, ಅಥವಾ ನಿಲ್ದಾಣದ ಕ್ಲೋಕ್ ರೂಮಿಗೆ ಹಾಕಿ. ಅಲ್ಲಿ ಬೀಗ ಹಾಕಿದ ಬ್ಯಾಗು ಮಾತ್ರ ತೆಗೆದುಕೊಳ್ಳುತ್ತಾರೆ, ಟಿಕೆಟ್ ತೋರಿಸಬೇಕು. ಝಿಪ್ ಕೆಟ್ಟ ಬ್ಯಾಗು ತಂದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಸಂಜೆ ಐದರ ಮೇಲೆ ನಿಲ್ದಾಣದಿಂದ ದೂರ ಹೋಗಬೇಡಿ. ಶಾಪಿಂಗ್ ಬಾಕಿ ಇದ್ದರೆ ಬೆಳಗ್ಗೆ ಮುಗಿಸಿ. ನಿಲ್ದಾಣಕ್ಕೆ ಮೆಟ್ರೋದಲ್ಲೇ ಬನ್ನಿ. ಮೆಜೆಸ್ಟಿಕ್ ಸುತ್ತ ಸಂಜೆ ಕ್ಯಾಬ್ ಕೊನೆಯ ಒಂದು ಕಿಲೋಮೀಟರ್‌ನಲ್ಲೇ ನಿಂತುಬಿಡುತ್ತದೆ. ಏಳೂವರೆಯೊಳಗೆ ಊಟ, ರೈಲು ಹೊರಡುವ ಒಂದು ಗಂಟೆ ಮೊದಲು ನಿಲ್ದಾಣ. ವೇಟಿಂಗ್ ಹಾಲ್‌ನಲ್ಲಿ ಮಕ್ಕಳ ಮುಖ, ಕೈಕಾಲು ತೊಳೆಸಿ ರಾತ್ರಿಯ ಬಟ್ಟೆ ಹಾಕಿ. ಪ್ಲಾಟ್‌ಫಾರ್ಮ್ ನಂಬರ್ ಕೊನೆಯ ಹೊತ್ತಿನಲ್ಲಿ ಬದಲಾಗಬಹುದು, ಅನೌನ್ಸ್‌ಮೆಂಟ್ ಕೇಳಿಸುವ ಕಡೆ ಕೂರಿ.

ಸೋಮವಾರ ಬೆಳಗ್ಗೆ ಊರಿಗೆ ಇಳಿದ ಮಕ್ಕಳನ್ನು ನೇರ ಶಾಲೆಗೆ ಕಳಿಸಬೇಡಿ. ಆ ಒಂದು ದಿನದ ರಜೆಯನ್ನು ಟೀಚರಿಗೆ ಶುಕ್ರವಾರವೇ ಹೇಳಿಟ್ಟಿರಿ.